ಕಿಲುಬಿಗೆ ಮೂರು ಕೋಟು ಕಾವಲು

ಹಿತ್ತಾಳೆಗೆ ಹಿಡಿದ ಕಿಲುಬನ್ನು ತಿಕ್ಕಿ ತೆಗೆಯುವವರು ಮನೆಗೊಬ್ಬರಿದ್ದಾರೆ. ಬೇಕೆಂದೇ ಹಿಡಿಸುವವನು ನಾನೊಬ್ಬನೇ! ಹೆಂಡತಿಯ ಹೊಸ ದಂತ ಕ್ಲಿನಿಕ್ಕಿನ ಹಿತ್ತಾಳೆ ನಾಮಫಲಕ ಮನೆಗೆ ಬಂದ ಬುಧವಾರವೇ ಘೋಷಿಸಿಬಿಟ್ಟೆ: "ಐದೇ ದಿನದಲ್ಲಿ ಇದಕ್ಕೆ ಐವತ್ತು ವರ್ಷ ತುಂಬಿಸ್ತೀನಿ!"

"ಯಾಕ್ರೀ?" ಎಂದಳು.

"ಫಳಫಳ ಹೊಳೆಯೋ ಬೋರ್ಡು ನೋಡಿದ್ರೆ ನಿನ್ನೆ ಮೊನ್ನೆ ಶುರು ಮಾಡಿದವ್ರು ಅಂತಾರೆ. ಜನ ಧೈರ್ಯವಾಗಿ ಬಾಯಿ ತೆರೀಬೇಕಂದ್ರೆ ಹಳೇ ಕೈ ಅನ್ನಿಸಬೇಕು."

"ನಾನು ಶುರು ಮಾಡೋದೇ ಸೋಮವಾರ ಅಲ್ವಾ?"

ಹನ್ನೊಂದು ವರ್ಷ ಬೇರೆಯವರ ಕ್ಲಿನಿಕ್ಕಿನಲ್ಲಿ ದುಡಿದವಳು ಈಗ ಸ್ವಂತದ್ದೊಂದು ತೆರೆಯುತ್ತಿದ್ದಳು. ಮೊದಲ ದಿನ ಒಬ್ಬರಾದರೂ ತಾವಾಗಿ ಬಾಗಿಲು ತಳ್ಳಿಕೊಂಡು ಬರಬೇಕು ಎಂಬುದೊಂದೇ ಅವಳ ಆಸೆ. ನೆಂಟರಿಷ್ಟರು ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿದ್ದಳು.

ಬಾಲ್ಕನಿಯೇ ನನ್ನ ಪ್ರಯೋಗಶಾಲೆಯಾಯಿತು. ಫಲಕಕ್ಕೆ ಉಪ್ಪುನೀರು ಚಿಮುಕಿಸಿ, ದೊಡ್ಡ ಡಬ್ಬದೊಳಗೆ ಅಮೋನಿಯದ ಬಟ್ಟಲಿನ ಮೇಲೆ ತೂಗುಹಾಕಿ ಮುಚ್ಚಳ ಬಿಗಿದೆ. ಒಮ್ಮೆ ಮುಚ್ಚಳ ತೆಗೆದದ್ದಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಎದುರು ಮನೆಯವರು ಊರಿಗೇ ಹೊರಟುಹೋದರು! ಆದರೆ ಬಣ್ಣ? ಮೊದಲು ಜೇನು, ಆಮೇಲೆ ಕಂದು, ಅಂಚಿನಲ್ಲಿ ನವಿಲುಗರಿಯ ಹಸಿರು. ಎರಡೇ ದಿನಕ್ಕೆ ಮುತ್ತಾತನ ಗಾಂಭೀರ್ಯ!

ಇನ್ನು ಆ ಗಾಂಭೀರ್ಯ ಅಳಿಯದಂತೆ ಕಾಪಾಡಬೇಕಿತ್ತು. ಲ್ಯಾಕರ್ ಎಂಬ ಪಾರದರ್ಶಕ ವಾರ್ನಿಷಿನ ಡಬ್ಬಿ ಕೈಗೆತ್ತಿಕೊಂಡೆ.

"ಮೊದಲು ತೊಳೀರಿ," ಎಂದಳು ನನ್ನ ಡಾಕ್ಟರಮ್ಮ. "ಸೋಡಾಪುಡಿ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಬಳೀರಿ. ಹುಳುಕು ಕೆರೆಯದೆ ಹಲ್ಲು ತುಂಬಿದ್ರೆ ಒಳಗೊಳಗೇ ತಿನ್ನುತ್ತೆ."

"ಇದು ಹಲ್ಲಲ್ಲ ಕಣೇ! ತೊಳೆದ್ರೆ ನನ್ನ ಹಸಿರು ಹೋಗುತ್ತೆ."

ತೊಳೆಯಲಿಲ್ಲ. ಮೂರು ಕೋಟು ಲ್ಯಾಕರ್ ಬಳಿದು, ಅದರ ಮೇಲೆ ಮೇಣ ಹಚ್ಚಿ ಉಜ್ಜಿದೆ. ನೀರು ಬಿಟ್ಟರೆ ಜಾರಿತು, ಉಗುರಿಗೂ ಜಗ್ಗಲಿಲ್ಲ. ಕೋಟೆ ಕಟ್ಟಿದ ದೊರೆಯಂತೆ ಬೀಗಿದೆ. ಶತ್ರುವನ್ನು ಕೋಟೆಯೊಳಗೇ ಬಿಟ್ಟು ಬಾಗಿಲು ಹಾಕಿದ್ದೇನೆಂದು ಹೆಂಡತಿಯೊಬ್ಬಳನ್ನು ಬಿಟ್ಟರೆ ಯಾರಿಗೆ ತಾನೇ ಗೊತ್ತಿತ್ತು?

ಶನಿವಾರ ಫಲಕವನ್ನು ಕ್ಲಿನಿಕ್ಕಿನ ಬಾಗಿಲ ಪಕ್ಕ ತಿರುಪು ಹಾಕಿ ಕೂರಿಸಿದೆ. ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಲ್ಯಾಕರಿನ ಅಡಿಯಲ್ಲಿ ಉಳಿದಿದ್ದ ಉಪ್ಪು ಎರಡು ದಿನ ಹಾಯಾಗಿ ಮೇಯ್ದು ಇಡೀ ಫಲಕವನ್ನು ಹಸಿರು ಮಾಡಿದೆ! ಅವಳ ಹೆಸರು ಮುಳುಗಿತ್ತು. 'ದಂತ' ಮಾಯ. 'ವೈದ್ಯೆ' ಅರ್ಧ ಉಳಿದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಜಾರಿತೇ ಹೊರತು ಕಿಲುಬು ಅಲುಗಲಿಲ್ಲ. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲೂ ಹೆಮ್ಮೆಯಾಯಿತು. ಎಂಥ ಬಂದೋಬಸ್ತು!

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಒಳಗೆ ಅವಳು ರೋಗಿಯ ಕುರ್ಚಿಯನ್ನು ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಕೆನ್ನೆ ಹಿಡಿದುಕೊಂಡ ಮುದುಕರೊಬ್ಬರು ಬಾಗಿಲ ಮುಂದೆ ಮೂರು ಸಲ ಹಾದುಹೋದರು. ನಾಲ್ಕನೆಯ ಸಲ ನಿಂತು, ಫಲಕವನ್ನು ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದರು: "ಈ ಡಾಕ್ಟ್ರು ತೀರಿಕೊಂಡು ಎಷ್ಟು ವರ್ಷ ಆಯ್ತಪ್ಪಾ?"

ಒಳಗೆ ಕುರ್ಚಿಯ ಸದ್ದು ನಿಂತಿತು.

"ಬದುಕಿದ್ದೀನಿ, ಬನ್ನಿ ಅಜ್ಜ!" ಎನ್ನುತ್ತ ಅವಳೇ ಹೊರಗೆ ಬಂದಳು.

ಅಜ್ಜ ಕದಲಲಿಲ್ಲ. "ಬೋರ್ಡಿನ ಪಾಚಿನೇ ತೆಗೆದಿಲ್ಲ, ನನ್ನ ಹಲ್ಲಿಂದು ತೆಗೀತೀಯೇನಮ್ಮಾ?"

ಅವಳು ನನ್ನತ್ತ ಬೀರಿದ ನೋಟಕ್ಕಿಂತ ಅಮೋನಿಯ ಎಷ್ಟೋ ವಾಸಿ! "ಬಿಚ್ರೀ ಅದನ್ನ," ಎಂದಳು.

ಫಲಕವನ್ನು ರೋಗಿಯ ಕುರ್ಚಿಯಲ್ಲಿ ಮಲಗಿಸಿದಳು. ದೀಪ ಎಳೆದುಕೊಂಡು, ಮಾಸ್ಕ್ ಏರಿಸಿ, ಲ್ಯಾಕರ್ ಕರಗಿಸುವ ತಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಶುರುಮಾಡಿದಳು. ನನ್ನ ಮೂರು ಕೋಟು ಇಪ್ಪತ್ತು ನಿಮಿಷ ಜಗ್ಗದೆ ನಿಂತಿತು. ದಯವಿಟ್ಟು ಇದನ್ನು ಗಮನಿಸಬೇಕು! ಆಮೇಲೆ ಹಲ್ಲು ಕೆರೆಯುವ ಹಳೆಯ ಕೊಕ್ಕೆಯಿಂದ ಒಂದೊಂದೇ ಅಕ್ಷರ ಬಿಡಿಸಿದಳು. 'ದಂತ' ಹೊರಬಂದಾಗ ಬಾಗಿಲಲ್ಲಿದ್ದ ಅಜ್ಜ ತಲೆದೂಗಿದರು. ಅವಳ ಹೆಸರು ಹೊರಬರುವ ಹೊತ್ತಿಗೆ ತಾವಾಗಿ ಒಳಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

"ಕೈ ಹಗುರ ಇದೆ. ಕೆರೆದ್ರೆ ನೋವೇ ಆಗಲ್ಲ," ಎಂದರು, ಫಲಕದ ಪರವಾಗಿ.

ನಾನು ಬಾಯಿ ತುಂಬ ನಕ್ಕೆ. "ನೋಡಿದ್ಯಾ? ನಾನು ಕಿಲುಬು ಹಿಡಿಸದಿದ್ರೆ ನಿನ್ನ ಕೈಗುಣ ಇವರಿಗೆ ಹೇಗೆ ಗೊತ್ತಾಗ್ತಿತ್ತು?"

ಅಜ್ಜ ನನ್ನ ಬಾಯನ್ನೇ ದಿಟ್ಟಿಸಿ ನೋಡಿ, ಅವಳ ಕಡೆ ತಿರುಗಿದರು. "ಇವರ ಹಲ್ಲಿಗೂ ಇವರೇ ಹಿಡಿಸಿಕೊಂಡಿದ್ದಾ ತಾಯಿ?"

"ಇಲ್ಲ ಅಜ್ಜ, ಅದು ಅಸಲಿ ಹಳೇ ಮಾಲು," ಎಂದಳು ಹೊಸ ಕೈಗವಸು ಎಳೆದುಕೊಳ್ಳುತ್ತ. "ನಿಮ್ಮದು ಮುಗೀಲಿ, ಆ ಕುರ್ಚಿಗೆ ಮುಂದಿನವರು ಅವರೇ."