ಹಕ್ಕಿ ತಿಂದರೆ ಏನು ಗತಿ

ನಮ್ಮ ಕಾಕಾ ಧೈರ್ಯವಂತರು. ಹಿತ್ತಲಿಗೆ ಹಾವು ಬಂದರೆ ಓಣಿಯವರೆಲ್ಲ ಅವರನ್ನೇ ಕರೆಯುತ್ತಿದ್ದರು. ಹುಲಿಯ ಎದುರು ಹೇಗಿರುತ್ತಿದ್ದರೋ ಹೇಳಲಾರೆ, ಬೈಲಹೊಂಗಲಕ್ಕೆ ಹುಲಿ ಬರಲಿಲ್ಲ. ಆದರೆ ಕುಂಡದಲ್ಲಿ ಹಸಿರಾಗಿ ಬೆಳೆದು ಗಾಳಿಗೆ ತಲೆಯಾಡಿಸುವ ಗಿಡವೊಂದನ್ನು ಕಂಡರೆ ಮಾತ್ರ ಅವರ ಕೈಕಾಲು ತಣ್ಣಗಾಗುತ್ತಿದ್ದವು. ಗಿಡಕ್ಕೆ ಹೆದರುವ ಗಂಡಸನ್ನು ನೀವೆಲ್ಲಾದರೂ ನೋಡಿದ್ದೀರಾ? ನಾನು ಅಂಥವರ ಮನೆಯಲ್ಲೇ ಬೆಳೆದವಳು.

ಇದೆಲ್ಲ ಶುರುವಾದದ್ದು ತೊಂಬತ್ತರ ದಶಕದ ನಡುವೆ. ಕಾಕಾ ಆಗ ಹತ್ತಿ ಜಿನ್ನಿನಲ್ಲಿ ತೂಕದ ಕೆಲಸದಲ್ಲಿದ್ದರು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ತರರಿಗೆ ವರ್ಗವಾಯಿತು. ಅವರು ತಮ್ಮ ಎರಡು ಲವ್ ಬರ್ಡ್ಸ್, ಒಂದು ಹಸಿರು, ಒಂದು ನೀಲಿ, ಪಂಜರದ ಸಮೇತ ಕಾಕಾನ ಕೈಗಿತ್ತರು. ಅಷ್ಟಕ್ಕೇ ಸುಮ್ಮನಿದ್ದರೆ ನಮ್ಮ ಮನೆ ನೆಟ್ಟಗಿರುತ್ತಿತ್ತು. ಸಾಮಾನು ತುಂಬಿದ ಟ್ರಕ್ಕು ಹತ್ತುವ ಮುಂಚೆ, ನಿಮ್ಮ ಹಿತ್ತಲಿನ ಕಣಗಲ ಎಲೆ ಒಂದು ಚೂರು ತಿಂದರೂ ಇವು ಸಾಯುತ್ತವೆ ಎಂದು ಹೇಳಿಬಿಟ್ಟರು. ಮಾಸ್ತರರು ಹೋದರು. ಮಾತು ನಮ್ಮಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಪೂಜೆಗೆ ಹೂ ಕೊಯ್ಯಲು ಹಿತ್ತಲಿಗೆ ಹೋದರೆ ಕಣಗಲ ಗಿಡದ ಜಾಗದಲ್ಲಿ ಮೊಣಕಾಲಾಳದ ಗುಂಡಿ ಇತ್ತು. ಹದಿನೈದು ವರ್ಷ ಬುಟ್ಟಿಗಟ್ಟಲೆ ಹೂ ಕೊಟ್ಟ ಗಿಡ. ಇನ್ನು ಶಿವನಿಗೆ ಏನು ಏರಿಸಲಿ ಎಂದು ಚಿಗವ್ವ ಕೇಳಿದರು.

"ಶಿವಾ ವಿಷಾ ನುಂಗಿ ಅರಗಿಸ್ಕೊಂಡಾನ," ಎಂದರು ಕಾಕಾ. "ಹಕ್ಕಿ ಕೈಲೆ ಅದು ಆಗ್ತದೇನು?"

ಈ ಮಾತಿಗೆ ಚಿಗವ್ವ ಉತ್ತರ ಕೊಟ್ಟದ್ದು ಅಡುಗೆಯಲ್ಲಿ. ಎರಡು ದಿನ ಸಾರಿನಲ್ಲಿ ಉಪ್ಪಿರಲಿಲ್ಲ.

ಕಾಕಾ ಅಲ್ಲಿಗೆ ನಿಲ್ಲಲಿಲ್ಲ. ನಾಟಿ ಔಷಧ ಕೊಡುವವರನ್ನು, ಕುರಿ ಕಾಯುವವರನ್ನು, ಯಾರು ಸಿಕ್ಕರೂ ಅವರನ್ನು ನಿಲ್ಲಿಸಿ ಯಾವ ಗಿಡ ಕೆಟ್ಟದ್ದು ಎಂದು ಕೇಳುತ್ತಿದ್ದರು. ನಮ್ಮ ಜನ ಕೇಳಿದವರನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ? ಔಡಲ ಅಂದರು, ಗುಲಗಂಜಿ ಅಂದರು, ಎಕ್ಕೆ, ಮದಗುಣಕಿ ಅಂದರು. ಕಾಕಾ ಪ್ರತಿ ದಿನ ಹೊಸದೊಂದು ಭಯ ಹೊತ್ತು ಮನೆಗೆ ಬರುತ್ತಿದ್ದರು. ಹಕ್ಕಿ ಪಂಜರದಲ್ಲಿವೆ, ಎಕ್ಕೆ ಗಿಡ ಊರ ಹೊರಗಿದೆ, ತಿನ್ನುವುದು ಹೇಗೆ ಎಂದು ಒಮ್ಮೆ ಕೇಳಿದೆ. ಗಾಳಿ ಇದೆಯಲ್ಲ ಎಂದರು.

ಅಣ್ಣನಿಗೆ ಹೆಣ್ಣು ನೋಡಲು ಸವದತ್ತಿಗೆ ಹೋದಾಗ ಎಲ್ಲರೂ ಹುಡುಗಿಯನ್ನು ನೋಡಿದರೆ ಕಾಕಾ ಮಾತ್ರ ಪಡಸಾಲೆಯಲ್ಲಿ ಸಾಲಾಗಿದ್ದ ಕ್ರೋಟನ್ ಕುಂಡಗಳನ್ನು ನೋಡುತ್ತಿದ್ದರು. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಗಿಡಗಳೆಂದರೆ ನಿನಗೆ ಬಹಳ ಸೇರುತ್ತವೇನು ಎಂದು ಕಾಕಾ ಕೇಳಿದರು. ಪಾಪ, ಆಕೆ ಪ್ರೀತಿಯಿಂದ ಹೌದು ಅಂದಳು. ಬಸ್ಸಿನಲ್ಲಿ ಕಾಕಾ ಈ ಸಂಬಂಧ ಬೇಡ ಎಂದು ಹಟ ಹಿಡಿದರು. ಅವರ ಹಟ ನಡೆಯಲಿಲ್ಲ, ಆದರೆ ಸುದ್ದಿ ಹೇಗೋ ಸವದತ್ತಿಗೆ ಮುಟ್ಟಿತು. ಅದೇ ಹುಡುಗಿ ಅಣ್ಣನ ಹೆಂಡತಿಯಾಗಿ, ನನಗೆ ವೈನಿಯಾಗಿ ಬಂದಾಗ ತವರಿನಿಂದ ತಂದದ್ದು ಒಂದೇ ಗಿಡ, ಪ್ಲಾಸ್ಟಿಕ್ ಗುಲಾಬಿ. ಕಾಕಾ ಅದನ್ನೂ ಮೂಸಿ ನೋಡಿಯೇ ಒಳಗೆ ಬಿಟ್ಟರು.

ಇಷ್ಟು ದಿನ ನಾನು ನಗುತ್ತಿದ್ದೆ. ಒಂದು ಮಧ್ಯಾಹ್ನ ನಗು ನಿಂತಿತು. ಪಂಜರ ತೊಳೆಯುವಾಗ ಬಾಗಿಲಿನ ಕೊಂಡಿ ಹಾಕಲು ಮರೆತೆ. ನೀಲಿ ಹಕ್ಕಿ ಪುರ್‍ರೆಂದು ಹಾರಿ, ಗೋಡೆ ದಾಟಿ, ಬೇರೆಲ್ಲೂ ಜಾಗವಿಲ್ಲದಂತೆ ಆಚೆ ಮನೆಯವರ ಕಣಗಲ ಗಿಡದ ಮೇಲೆ ಕುಳಿತಿತು. ಚಿಗವ್ವ ಹಸಿ ಟವೆಲ್ ಎಸೆದು ಅದನ್ನು ಹಿಡಿದರು. ಅದರ ಕೊಕ್ಕಿನ ತುದಿಯಲ್ಲಿ ಏನೋ ಹಸಿರು ಅಂಟಿತ್ತು. ಅದನ್ನು ಮೊದಲು ನೋಡಿದವರು ಕಾಕಾ.

ಹಕ್ಕಿ ಪಂಜರದ ಮೂಲೆಯಲ್ಲಿ ರೆಕ್ಕೆ ಉಬ್ಬಿಸಿ ಕುಳಿತುಬಿಟ್ಟಿತು. ನವಣೆ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಕಾಕಾ ಪಂಜರ ಎದೆಗವಚಿಕೊಂಡು ದನದ ದವಾಖಾನೆಗೆ ಓಡಿದರು, ಹಿಂದೆ ನಾನು. ಅಲ್ಲಿಯ ಡಾಕ್ಟರರು ಆಗಷ್ಟೇ ಎಮ್ಮೆಯೊಂದರ ಹೆರಿಗೆ ಮಾಡಿಸಿ ಕೈ ತೊಳೆಯುತ್ತಿದ್ದರು. ನಮ್ಮ ರೋಗಿಯನ್ನು ನೋಡಿ, ತಮ್ಮ ಸೂಜಿಯೇ ಇದಕ್ಕಿಂತ ಉದ್ದವಿದೆ, ಸಂಜೆಯವರೆಗೆ ಕಾದು ನೋಡಿ ಎಂದು ಕಳಿಸಿದರು.

ಕಾದೆವು. ಮನೆಯಲ್ಲಿ ಯಾರೂ ಊಟಕ್ಕೆ ಕೂರಲಿಲ್ಲ. ಕಾಕಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕಂಬಕ್ಕೊರಗಿ ನಿಂತಿದ್ದೆ. ಐದರ ಹೊತ್ತಿಗೆ ಹಕ್ಕಿ ಒಮ್ಮೆ ನಡುಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ಆರಾಮಾಗಿ ನವಣೆ ತಿನ್ನುತ್ತಿತ್ತು. ಅದು ಕುಳಿತಿದ್ದ ಜಾಗದಲ್ಲಿ ನೆಲ್ಲಿಕಾಯಿಗಿಂತ ಸಣ್ಣದೊಂದು ಬಿಳಿ ಮೊಟ್ಟೆ ಇತ್ತು.

ನಾವೆಲ್ಲ ನಕ್ಕೆವು, ನಾನು ಅತ್ತೂಬಿಟ್ಟೆ. ಕಾಕಾ ಮಾತ್ರ ತಲೆಯ ಮೇಲೆ ಕೈಹೊತ್ತು ಕುಳಿತರು. "ಇನ್ನ ಮೂರ ಜೀವದ ಕಾಳಜಿ ಮಾಡಬೇಕಾತು," ಎಂದರು. ಆ ಮೊಟ್ಟೆ ಮರಿಯಾಗಲಿಲ್ಲ. ಒಡೆಯದ ಮೊಟ್ಟೆಯ ಕಾಳಜಿಯನ್ನೂ ಅವರು ಒಂದು ತಿಂಗಳು ಮಾಡಿದರು.

ಮರುವರ್ಷ ಕಾಕಾನಿಗೆ ಹರ್ನಿಯಾ ಆಪರೇಷನ್ ಆಯಿತು. ಧಾರವಾಡದ ಆಸ್ಪತ್ರೆಯಲ್ಲಿ ಎಂಟು ದಿನ. ಜೊತೆಗೆ ಅಪ್ಪ ಮತ್ತು ನಾನು ಇದ್ದೆವು. ಕಾಕಾನಿಗೆ ತಮ್ಮ ಹೊಟ್ಟೆಯ ಚಿಂತೆ ಇರಲಿಲ್ಲ. ಹೊರಡುವಾಗ ಚಿಗವ್ವನಿಗೆ, ಹಕ್ಕಿಗಳಿಗೆ ಹಕ್ಕರಕಿ ಪಲ್ಲೆ ಹಾಕು, ಆದರೆ ಅದು ಹೊಲದಲ್ಲಿ ತಾನಾಗಿ ಬೆಳೆಯುವ ಸೊಪ್ಪು, ಕಟ್ಟಿದ ಸಿವುಡಿನಲ್ಲಿ ಯಾವ ಕಳೆ ಸೇರಿರುತ್ತದೋ, ನೋಡಿ ಹಾಕು ಎಂದು ಹತ್ತು ಸಲ ಹೇಳಿದ್ದರು. ಆಸ್ಪತ್ರೆಯಲ್ಲೂ ಅದೇ ಜಪ. ಆಕೆಗೆ ಗುರುತು ಹತ್ತುತ್ತದೋ ಇಲ್ಲವೋ, ಒಂದು ಎಲೆ ತಪ್ಪಿದರೆ ಏನು ಗತಿ.

ಒಂಬತ್ತನೇ ದಿನ ಮನೆಗೆ ಬಂದಾಗ ಎರಡೂ ಹಕ್ಕಿಗಳು ಕಿಚಿಪಿಚಿ ಎನ್ನುತ್ತಿದ್ದವು. ಕಾಕಾನ ಮುಖ ಅರಳಿತು. ಅಷ್ಟರಲ್ಲಿ ವೈನಿ ನೀರು ತಂದುಕೊಡುತ್ತ ನಗುನಗುತ್ತಲೇ ಹೇಳಿದರು. ಚಿಗವ್ವ ದಿನಾ ಬೆಳಿಗ್ಗೆ ಸಿವುಡು ಬಿಚ್ಚಿ, ಗುರುತು ಸಿಗದ ಎಲೆ ಕಂಡರೆ ಮೊದಲು ತಾವು ತಿಂದು, ಗಡಿಯಾರ ನೋಡುತ್ತ ಒಂದು ತಾಸು ಪಂಜರದ ಮುಂದೆ ಕೂರುತ್ತಿದ್ದರಂತೆ. ತಮಗೇನೂ ಆಗಲಿಲ್ಲ ಎಂದಾದ ಮೇಲೆಯೇ ಹಕ್ಕಿಗಳಿಗೆ ಹಾಕುತ್ತಿದ್ದರಂತೆ.

ಕಾಕಾ ನೀರಿನ ತಂಬಿಗೆ ಕೆಳಗಿಟ್ಟರು. ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಹೆಜ್ಜೆಯಿಡುತ್ತ ಅಡುಗೆಮನೆಗೆ ಹೋದರು. ಚಿಗವ್ವ ರೊಟ್ಟಿ ಬಡಿಯುತ್ತಿದ್ದರು.

"ನಾಲಿಗಿ ತೋರ್ಸು," ಎಂದರು ಕಾಕಾ.

"ನನಗೇನ ಆಗೇದರಿ? ಆರಾಮ ಇದ್ದೇನಿ."

"ನಿನಗೇನರ ಆಗಿದ್ರ ನಾ ಏನ ಮಾಡ್ಲಿ?" ಕಾಕಾನ ದನಿ ಒಡೆದಿತ್ತು. "ಹಕ್ಕಿ ಹೋದ್ರ ಹೋಗ್ಲಿ."

ಚಿಗವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು, ಸಣ್ಣ ಹುಡುಗಿಯಂತೆ ಬಾಯಿ ತೆರೆದು ನಾಲಗೆ ಚಾಚಿದರು. ಕಾಕಾ ಕನ್ನಡಕ ಹಾಕಿಕೊಂಡು, ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ತವೆಯ ಮೇಲಿನ ರೊಟ್ಟಿ ಸೀದು ಕರಕಲಾಗುವವರೆಗೆ ನೋಡಿದರು.