ವೈನ್ ಶಾಪಿನಲ್ಲಿ ವೈನ್ ಮಾರಲು ಹೋದದ್ದು

ಬ್ಯಾಗಿನಲ್ಲಿ ಎರಡು ಬಾಟಲಿ ಇಟ್ಟುಕೊಂಡು ನಾನು ಮನೆ ಬಿಟ್ಟ ದಿನ, ಸಂಜೆ ಬಂದು ಹೇಳಿಕೊಂಡು ನಗುವಂಥದ್ದು ಏನಾದರೊಂದು ಆಗದೇ ಇರುವುದಿಲ್ಲ. ಮೊದಮೊದಲು ನನ್ನ ಗ್ರಹಚಾರ ಅಂದುಕೊಂಡಿದ್ದೆ. ಈಗ ಅದೂ ಕೆಲಸದಲ್ಲೇ ಸೇರಿದ್ದು ಅಂತ ಒಪ್ಪಿಕೊಂಡಿದ್ದೇನೆ.

ಬಾಟಲಿಯಲ್ಲಿರುವುದು ನೇರಳೆ ಹಣ್ಣಿನ ವೈನ್. ಮಾಡುವವನು ನನ್ನ ತಮ್ಮ. ಬಿಳಿಚೋಡಿನ ಹತ್ತಿರ ನಮ್ಮ ಹೊಲದಲ್ಲಿ ನೇರಳೆ ಗಿಡ ಬೆಳೆಸಿ, ಲೈಸೆನ್ಸಿಗೆ ಅಲೆದು, ಶೆಡ್ಡು ಕಟ್ಟಿ, ಸ್ಟೀಲ್ ಟ್ಯಾಂಕು ತರಿಸಿದ. ಟ್ಯಾಂಕಿನ ಎದುರು ಕೂತರೆ ಹೊತ್ತು ಹೋದದ್ದು ಅವನಿಗೆ ತಿಳಿಯುವುದಿಲ್ಲ. ಅಂಗಡಿಯವನ ಎದುರು ನಿಲ್ಲಿಸಿದರೆ ಬಾಯಿಂದ ಮಾತೇ ಹೊರಡುವುದಿಲ್ಲ. ಮೊದಲ ವರ್ಷದ ವೈನ್ ಶೆಡ್ಡಿನಲ್ಲೇ ಕೂತಿತು. ಡೇರಿಯವರು ಟ್ಯಾಂಕು ಕೇಳುತ್ತಿದ್ದಾರೆ, ಕೊಟ್ಟುಬಿಡುತ್ತೇನೆ ಅಂತ ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ.

ನನಗೆ ತಡೆಯಲಾಗಲಿಲ್ಲ. ನಾನು ಮದುವೆಯಾಗಿ ಚನ್ನಗಿರಿಗೆ ಬಂದಾಗಿನಿಂದ ವಿಮೆ ಏಜೆಂಟು. ಗಟ್ಟಿಮುಟ್ಟಾದ ಗಂಡಸಿನ ಮುಂದೆ ಕೂತು, ನೀವು ನಾಳೆ ಹೋಗಿಬಿಟ್ಟರೆ ಅಂತ ಮಾತು ಶುರು ಮಾಡಿ, ಅವರ ಮನೆಯಲ್ಲೇ ಕಾಫಿ ಕುಡಿದು, ಸಹಿ ಹಾಕಿಸಿಕೊಂಡು ಬಂದವಳು. ಸಾವಿನ ಮಾತಾಡಿ ಮಾರಿದವಳಿಗೆ ಹಣ್ಣಿನ ರಸ ಮಾರುವುದು ಎಷ್ಟರದು? ಟ್ಯಾಂಕು ಮುಟ್ಟಬೇಡ, ಅಂಗಡಿಗಳ ಚಿಂತೆ ನನಗೆ ಬಿಡು ಅಂದೆ. ಮಾಲು ಹೋಗುವುದು ಸರ್ಕಾರದ ಡಿಪೋದಿಂದ. ಅದನ್ನು ಇಟ್ಟುಕೊಳ್ಳಲು ಅಂಗಡಿಯವರನ್ನು ಒಪ್ಪಿಸುವುದು ನನ್ನ ಕೆಲಸ.

ಬಾಗಿಲಲ್ಲಿ ಹೆಂಗಸು

ಮೊದಲು ನಮ್ಮ ಚನ್ನಗಿರಿಯದೇ ಒಂದು ಅಂಗಡಿ. ಮೇಲೆ ದೊಡ್ಡದಾಗಿ ‘ವೈನ್ಸ್’ ಅಂತ ಬೋರ್ಡು. ಗಟ್ಟಿ ಅಂಚಿನ ಕಾಟನ್ ಸೀರೆ ಉಟ್ಟು, ಬ್ಯಾಗು ಹೆಗಲಿಗೆ ಹಾಕಿ ಮೆಟ್ಟಿಲು ಹತ್ತಿದೆ. ಕೌಂಟರಿನ ಮುಂದೆ ನಿಂತಿದ್ದ ಗಂಡಸರಲ್ಲಿ ಒಬ್ಬ ಟವೆಲಿನಿಂದ ಮುಖ ಮುಚ್ಚಿಕೊಂಡ. ಇಬ್ಬರು ಗೋಡೆಯ ಕಡೆ ತಿರುಗಿ ಹಳೇ ಕ್ಯಾಲೆಂಡರನ್ನು ಗಮನವಿಟ್ಟು ಓದತೊಡಗಿದರು. ನಾನು ಬಾಯಿ ತೆರೆಯುವ ಮೊದಲೇ ಮಾಲೀಕರು ಕೈ ಮುಗಿದು ಹೇಳಿದರು:

“ನಿಮ್ಮ ಯಜಮಾನ್ರು ಇವತ್ತು ಈ ಕಡೆ ಬಂದೇ ಇಲ್ಲಕ್ಕ.”

ನಮ್ಮ ಯಜಮಾನರು ಅಡಿಕೆ ಮಂಡಿಯಲ್ಲಿ ಕೆಲಸದಲ್ಲಿದ್ದಾರೆ, ಅವರಿಗೆ ಮಜ್ಜಿಗೆ ಬಿಟ್ಟರೆ ಬೇರೇನೂ ಗೊತ್ತಿಲ್ಲ, ನಾನು ಬಂದಿರುವುದು ವೈನ್ ವಿಷಯ ಮಾತಾಡಲು ಅಂತ ವಿವರಿಸಿದೆ. ಅವರು ಹಿಂದಿನ ಕಪಾಟು ನೋಡಿದರು. ವಿಸ್ಕಿ, ರಮ್ಮು, ಬ್ರಾಂದಿ, ಕೆಳಗೆ ಬಿಯರು. ತಿರುಗಿ ನನ್ನನ್ನು ನೋಡಿ, ಅಯ್ಯೋ ಪಾಪ ಅನ್ನುವ ದನಿಯಲ್ಲಿ, “ವೈನೆಲ್ಲ ಇಲ್ಲಿ ಸಿಗಲ್ಲಕ್ಕ, ಇದು ವೈನ್ ಶಾಪು” ಅಂದರು.

ನಾನು ಸೋತು ಬರುವವಳಲ್ಲ. ಮರುದಿನ ಹೋದೆ. ಅದರ ಮರುದಿನವೂ ಹೋದೆ. ಅವರು ಆಮೇಲೆ ನೋಡೋಣ ಅಂದಾಗಲೆಲ್ಲ, ಆಗಲಿ ಕಾಯುತ್ತೇನೆ ಅಂತ ಬಾಗಿಲ ಪಕ್ಕ ನಿಲ್ಲುತ್ತಿದ್ದೆ. ಜಗಳವಿಲ್ಲ, ಒತ್ತಾಯವಿಲ್ಲ, ಸುಮ್ಮನೆ ನಿಲ್ಲುವುದು. ಬಂದ ಗಿರಾಕಿಗಳು ನನ್ನನ್ನು ದೂರದಿಂದಲೇ ನೋಡಿ, ಎದುರಿನ ಗೊಬ್ಬರದ ಅಂಗಡಿಗೆ ಹೋಗಿ ಬೇಡದ ಯೂರಿಯಾದ ರೇಟು ಕೇಳಿ ವಾಪಸು ಹೋಗುತ್ತಿದ್ದರು. ಒಂದು ವಾರ ಕಳೆಯುವ ಮೊದಲೇ ಮಾಲೀಕರು ನನ್ನನ್ನು ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಿದರು.

“ಅಕ್ಕ, ನಿಮ್ಮ ವೈನು ಇಟ್ಕೊಂತೀನಿ. ಒಂದೇ ಕಂಡೀಷನ್ನು, ಇನ್ಮ್ಯಾಲೆ ನೀವು ಬಾಗ್ಲಲ್ಲಿ ನಿಲ್ಲಂಗಿಲ್ಲ.”

ನಾಲಿಗೆ ತೋರಿಸಿದ ಹೊನ್ನಾಳಿ

ಹೊನ್ನಾಳಿಯ ಬಾರಿನ ಮಾಲೀಕರು ಇದಕ್ಕಿಂತ ಮೆದು ಮನುಷ್ಯರು. ಕುಡಿದು ನೋಡದೆ ಯಾರೂ ಕೊಳ್ಳುವುದಿಲ್ಲ, ದಿನಾ ಬರುವ ನಾಲ್ಕು ಜನರನ್ನು ಮಧ್ಯಾಹ್ನ ಕೂರಿಸುತ್ತೇನೆ, ನೀವೇ ಬಂದು ರುಚಿ ತೋರಿಸಿ ಅಂದರು. ಸಂಕ್ರಾಂತಿಯ ಹಿಂದುಮುಂದಿನ ದಿನಗಳು. ತಮ್ಮನನ್ನೂ ಎಳೆದುಕೊಂಡು ಹೋದೆ.

ಅವನು ಹೇಳಿಕೊಟ್ಟಿದ್ದನ್ನು ನಾನು ಅವರಿಗೆ ಹೇಳಿದೆ. ಮೊದಲು ಬಣ್ಣ ನೋಡಬೇಕು, ಆಮೇಲೆ ಗ್ಲಾಸು ಮೆಲ್ಲಗೆ ತಿರುಗಿಸಿ ವಾಸನೆ ತಗೋಬೇಕು, ಆಮೇಲೆ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ನಿಧಾನಕ್ಕೆ ಇಳಿಸಬೇಕು. ನಾನು ‘ಬಣ್ಣ’ ಅನ್ನುವಷ್ಟರಲ್ಲಿ ಒಬ್ಬರ ಗ್ಲಾಸು ಖಾಲಿ. ಇನ್ನೊಬ್ಬರು ನೀರು ಬೆರೆಸಿದರು, ಮತ್ತೊಬ್ಬರು ಸೋಡಾ ಕೇಳಿದರು. ನಾಲ್ಕನೆಯವರೊಬ್ಬರೇ, ಕಿರಾಣಿ ಅಂಗಡಿಯವರು, ಹೇಳಿದಂತೆ ತಿರುಗಿಸಿದರು. ಅಂಗಡಿಯಲ್ಲಿ ಹಿಟ್ಟು ಜರಡಿ ಹಿಡಿದ ಕೈ, ಅರ್ಧ ವೈನು ಪಕ್ಕದವರ ಬಿಳಿ ಅಂಗಿಯ ಮೇಲೆ ಹೋಯಿತು.

ಆದರೂ ರುಚಿ ಹಿಡಿಯಿತು. ಹುಳಿ ಐತೆ, ಒಗರು ಐತೆ, ಗಂಟಲು ಸುಡಲ್ಲ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತಮ್ಮನ ಮುಖದಲ್ಲಿ ನಾನು ಎಷ್ಟೋ ತಿಂಗಳಿಂದ ನೋಡದ ನಗು ಬಂತು. ಆ ಖುಷಿಯಲ್ಲಿ, ಇದು ಕುಡಿದರೆ ಬಾಯಿ ಗಬ್ಬು ನಾರುವುದಿಲ್ಲ, ಮನೆಗೆ ಏಲಕ್ಕಿ ಜಗಿದು ಹೋಗುವ ಕಷ್ಟ ಇಲ್ಲ ಅಂತ ನಾನೂ ಒಂದು ಮಾತು ಸೇರಿಸಿದೆ. ಅದನ್ನು ಕೇಳಿ ನಾಲ್ವರೂ ಇನ್ನೊಂದು ಗ್ಲಾಸು ತಗೊಂಡರು.

ಮುಂದಿನ ವಾರ ಹೋದಾಗ ಕಿರಾಣಿ ಅಂಗಡಿಯವರು ನನಗಾಗಿಯೇ ಕಾಯುತ್ತಿದ್ದರು. ಆವತ್ತು ಧೈರ್ಯವಾಗಿ ಮನೆಗೆ ಹೋಗಿ, ಹೆಂಡತಿಯ ಮುಂದೆ ನಿಂತು, ಕೇಳಿದ್ದಕ್ಕೆಲ್ಲ ಬಾಯಿ ತುಂಬ ಉತ್ತರ ಕೊಟ್ಟರಂತೆ. ಆಕೆ ನಾಲಿಗೆ ಚಾಚಲು ಹೇಳಿದಳಂತೆ. ನಾಲಿಗೆ ಕಡುನೇರಳೆ. ನೇರಳೆ ಹಣ್ಣು ತಿಂದೆ ಕಣೇ ಅಂದರಂತೆ. ಆಕೆ ರೇಗಲಿಲ್ಲ, ಕೂಗಾಡಲಿಲ್ಲ. ಸಂಕ್ರಾಂತಿಯಲ್ಲಿ ನೇರಳೆ ಹಣ್ಣು ಬಿಟ್ಟ ಆ ಮರ ಎಲ್ಲಿದೆ ತೋರಿಸಿ ಅಂತ ಚಪ್ಪಲಿ ಮೆಟ್ಟಿ ಜೊತೆಗೇ ಹೊರಟುಬಿಟ್ಟಳಂತೆ. ತುಂಗಭದ್ರೆಯ ದಡದುದ್ದಕ್ಕೂ ಕತ್ತಲಾಗುವ ತನಕ ಇಬ್ಬರೂ ಮರ ಹುಡುಕಿದ್ದಾರೆ.

“ವಾಸ್ನೆ ಬರಲ್ಲ ಅಂತ ಹೇಳಿದ್ರಿ ಅಕ್ಕಾರೆ, ಬಣ್ಣ ಬರ್ತೈತೆ ಅಂತಾನೂ ಹೇಳಬೇಕಿತ್ತು” ಅಂದರು. ಮೊದಲು ಬಣ್ಣ ನೋಡಬೇಕು ಅಂತ ನಾನು ಹೇಳಿದ್ದು ಅದಕ್ಕೇ ಅಂದೆ.

ನ್ಯಾಮತಿಯ ‘ಯಾರೋ ಒಬ್ಬ’

ಇಷ್ಟರಲ್ಲಿ ತಮ್ಮನಿಗೆ ಹೊಸ ಹುರುಪು. ವೈನ್ ಒಂದೇ ಸಾಲದು, ನಮ್ಮ ಸೀಮೆಯಲ್ಲಿ ಹಿಂದೆ ಮನೆಗಳಲ್ಲಿ ಇಳಿಸುತ್ತಿದ್ದ ಸಾರಾಯಿಯ ಹದ ಏನಿತ್ತು ತಿಳಿಯಬೇಕು, ಆ ತಲೆಮಾರಿನವರು ಹೋದರೆ ಹೇಳುವವರಿಲ್ಲ ಅಂತ ಹಟ ಹಿಡಿದ. ನ್ಯಾಮತಿಯ ಕಡೆ ಒಬ್ಬ ಅಜ್ಜ ಇದ್ದಾನೆ, ಅವನ ಕೈರುಚಿಗೆ ದೂರದೂರದಿಂದ ಜನ ಬರುತ್ತಿದ್ದರು ಅಂತ ಯಾರೋ ಹೇಳಿದ್ದರು. ಹೋದೆವು.

ಅಜ್ಜ ಜಗಲಿಯ ಮೇಲೆ ಕೂತಿದ್ದ. ನಮ್ಮ ಕಾರು, ನನ್ನ ಬ್ಯಾಗು, ತಮ್ಮನ ಕನ್ನಡಕ ನೋಡಿ ಅಬಕಾರಿಯವರೇ ಅಂತ ತೀರ್ಮಾನ ಮಾಡಿಬಿಟ್ಟ. ಸಾರಾಯಿ ಅಂದರೆ ಏನು ಅಂತ ನಮ್ಮನ್ನೇ ಕೇಳಿದ. ನಾವು ಅಬಕಾರಿಯವರಲ್ಲ, ಹಳೇ ಪದ್ಧತಿ ತಿಳಿಯಲು ಬಂದವರು ಅಂತ ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದ. ಕೊನೆಗೆ ತಮ್ಮ, ನೀವು ಮಾಡಿದ್ದು ಬೇಡ ಅಜ್ಜ, ಬೇರೆ ಯಾರಾದರೂ ಮಾಡಿದ್ದನ್ನು ನೋಡಿದ್ದರೆ ಅಷ್ಟೇ ಹೇಳಿ ಅಂದ.

ಅಜ್ಜನಿಗೆ ದಾರಿ ಸಿಕ್ಕಿತು. ಯಾರೋ ಒಬ್ಬ ಇದ್ದನಂತೆ. ಎಲ್ಲಿಯವನೋ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಆ ಯಾರೋ ಒಬ್ಬ ಹಳೇ ಬೆಲ್ಲವನ್ನೇ ಹುಡುಕಿ ತರುತ್ತಿದ್ದನಂತೆ. ಮಡಕೆಯ ಬಾಯಿಗೆ ಮೆತ್ತುವ ಮಣ್ಣನ್ನು ತಾನೇ ಕಲಸುತ್ತಿದ್ದನಂತೆ. ಉರಿ ಹೆಚ್ಚಾದರೆ ಸುಟ್ಟ ವಾಸನೆ ಅಂತ ಒಲೆ ಬಿಟ್ಟು ಏಳುತ್ತಿರಲಿಲ್ಲವಂತೆ. ಹೇಳುತ್ತ ಹೇಳುತ್ತ ಅಜ್ಜನ ಕಣ್ಣು ಹೊಳೆಯತೊಡಗಿದವು. ಅಂಥ ಕೈ ಈ ಸೀಮೇಲಿ ಇನ್ನೊಬ್ಬನಿಗೆ ಇರಲಿಲ್ಲ, ಕೊನೇಲಿ ಒಂದು ಹಿಡಿ ಏಲಕ್ಕಿ ಹಾಕಿದರೆ ಬೀದಿಯೆಲ್ಲ ಘಮ ಅನ್ನುತ್ತಿತ್ತು ಅಂದ.

ಒಳಗೆ ಪಾತ್ರೆ ದಡಾರನೆ ಬಿತ್ತು. ಸೆರಗಿಗೆ ಕೈ ಒರೆಸುತ್ತ ಅಜ್ಜಿ ಹೊಸಿಲಿಗೆ ಬಂದಳು.

“ಏಲಕ್ಕಿ ಅಲ್ಲ, ಕಿತ್ತಳೆ ಸಿಪ್ಪೆ. ಆ ಯಾರೋ ಒಬ್ಬ ಬರೀ ಕಟ್ಟಿಗೆ ತರ್ತಿದ್ದ. ಮಾಡ್ತಿದ್ದೋಳು ನಾನು.”

ಔಷಧಿ

ಇನ್ನು ಉಳಿದದ್ದು ಜಗಳೂರು. ತಮ್ಮನ ಸ್ವಂತ ತಾಲ್ಲೂಕು, ಅದಕ್ಕೇ ಎಲ್ಲಕ್ಕಿಂತ ಕಷ್ಟ. ನಮ್ಮ ಹುಡುಗ ಹೆಂಡ ಮಾಡುತ್ತಾನೆ ಅನ್ನುವ ಮಾತು ಊರಲ್ಲಿ ಆಗಲೇ ಓಡಾಡಿತ್ತು. ಅಂಗಡಿಯವರು ನನ್ನ ಕಾಟಕ್ಕೆ ಒಪ್ಪಿ ಇಟ್ಟುಕೊಂಡರು, ಬಾಟಲಿ ಮಾತ್ರ ಅಲುಗಾಡಲಿಲ್ಲ. ಹಾಗಿದ್ದದ್ದು ಇದ್ದಕ್ಕಿದ್ದಂತೆ ಒಂದು ದಿನ ಫೋನು ಬಂತು, ಮಾಲು ಖಾಲಿಯಾಗುತ್ತ ಬಂತು, ಇನ್ನೂ ಬೇಕು ಅಂತ. ನನಗೆ ಖುಷಿಗಿಂತ ಅನುಮಾನ ಜಾಸ್ತಿ ಆಯಿತು. ಬೆಳಗಿನ ಬಸ್ಸು ಹತ್ತಿದೆ.

ಅಂಗಡಿಯ ಮುಂದೆ ಟೋಪಿ, ಮಫ್ಲರು, ವಾಕಿಂಗ್ ಶೂ ಹಾಕಿದ ಹಿರಿಯರ ಸಾಲು. ಕುಡುಕರ ಮುಖವೇ ಇಲ್ಲ. ನೇರಳೆ ಶುಗರಿಗೆ ಒಳ್ಳೆಯದು ಅಂತ ಯಾರೋ ವಾಕಿಂಗಿನಲ್ಲಿ ಹೇಳಿದ್ದಾರೆ, ಅದು ಮನೆಮನೆಗೆ ಮುಟ್ಟಿದೆ. ಊಟಕ್ಕೆ ಮೊದಲೋ ಆಮೇಲೋ ಅಂತ ಅಂಗಡಿಯವರನ್ನು ಕೇಳುತ್ತಿದ್ದಾರೆ, ಅವರೂ ಡಾಕ್ಟರ ಥರ ಗಂಭೀರವಾಗಿ ಉತ್ತರ ಕೊಡುತ್ತಿದ್ದಾರೆ.

ಸುಮ್ಮನಿದ್ದರೆ ತಮ್ಮನ ಶೆಡ್ಡೇ ಖಾಲಿಯಾಗುತ್ತಿತ್ತು. ಆದರೆ ಸುಳ್ಳು ಹೇಳಿ ಮಾರಲು ನಾನು ಇಷ್ಟು ದೂರ ಬಂದಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: “ಇದು ಔಷಧಿ ಅಲ್ಲ. ಇದು ಹೆಂಡ. ಶುಗರ್ ಇರೋರು ಡಾಕ್ಟರನ್ನ ಕೇಳದೆ ಮುಟ್ಟಬ್ಯಾಡ್ರಿ.”

ನೀವು ಮಾರಾಕೆ ಬಂದೀರೋ, ಅಂಗಡಿ ಮುಚ್ಚಿಸಾಕೆ ಬಂದೀರೋ ಅಂತ ಅಂಗಡಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಸಾಲು ಕರಗಿತು. ನಾಲ್ಕಾರು ಜನ ಮನೆಯಿಂದ ಬಾಟಲಿ ತಂದು ವಾಪಸು ಕೊಟ್ಟರು, ಬಾಯಿಗೆ ಬಂದಂತೆ ಬೈದರು. ಎಲ್ಲ ಕೇಳಿಸಿಕೊಂಡೆ, ಆಡಿದ ಮಾತು ಬದಲಿಸಲಿಲ್ಲ.

ಕೊನೆಗೆ ಉಳಿದವರು ಒಬ್ಬ ನಿವೃತ್ತ ಹೆಡ್‌ಮಾಸ್ತರು. ಇಸ್ತ್ರಿ ಮಾಡಿದ ಪಂಚೆ, ಹಣೆಯಲ್ಲಿ ವಿಭೂತಿ, ಊರಿಗೆ ಊರೇ ಎದ್ದು ನಿಲ್ಲುವಂಥ ಮನುಷ್ಯ. ಇವರು ಬೈದರೆ ಜಗಳೂರಿನ ಆಸೆ ಬಿಟ್ಟಂತೆ ಅಂತ ಎದೆ ಗಟ್ಟಿ ಮಾಡಿಕೊಂಡೆ. ಅವರು ಹತ್ತಿರ ಬಂದು, ದನಿ ತಗ್ಗಿಸಿ, ಇದು ಔಷಧಿ ಅಲ್ಲ ಅನ್ನುವುದು ಖಂಡಿತವೇ ಅಂತ ಕೇಳಿದರು. ಖಂಡಿತ ಸಾರ್, ನಿಮಗೆ ಶುಗರ್ ಇದ್ದರೆ ದಯವಿಟ್ಟು ಬೇಡ ಅಂದೆ. ನನಗೆ ಯಾವ ಶುಗರೂ ಇಲ್ಲ, ಮುಂದೆ ಬರದೇ ಇರಲಿ ಅಂತ ಮನೆಯವಳು ಕೊಡುತ್ತಾಳೆ ಅಂದರು. ಆಮೇಲೆ ಅತ್ತಿತ್ತ ನೋಡಿ ಕೈಚೀಲ ಬಿಡಿಸಿದರು.

“ಹಂಗಾದ್ರೆ ಎರಡು ಕೊಡ್ರಿ ತಾಯಿ. ಔಷಧಿ ಅಂತ ಇಷ್ಟು ದಿವ್ಸ ಆಕೆ ಚಮಚದಾಗೆ ಅಳೆದು ಕೊಡ್ತಿದ್ಲು. ಹೆಂಡ ಅಂತ ಗೊತ್ತಾದ್ರೆ ಆಕೆ ಬಾಟ್ಲಿ ಮುಟ್ಟಲ್ಲ, ಇನ್ಮ್ಯಾಲೆ ನಾನೇ ಬಗ್ಗಿಸ್ಕೊಬಹುದು.”