ಪಾದ್ರಿ ಸ್ಕೂಲು, ನನ್ನ ಮಾವ ಮತ್ತು ಐದು ಮೀಟರಿನ ಏಣಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ಇಬ್ಬರು. ಒಬ್ಬರು ಹೈಸ್ಕೂಲಿನ ಗಣಿತದ ಮೇಷ್ಟ್ರು. ಅವರು ಒಂದೇ ಒಂದು ಸಲ ಹೇಳಿ, ಆಮೇಲೆ ರಿಟೈರಾಗಿ, ಹೇಳಿದ್ದನ್ನು ಮರೆತೂ ಬಿಟ್ಟರು. ಇನ್ನೊಬ್ಬರು ನನ್ನ ಸ್ವಂತ ಸೋದರಮಾವ. ಅವರು ಹನ್ನೊಂದು ವರ್ಷ, ದಿನಕ್ಕೊಂದು ಸಲದಂತೆ, ಹಬ್ಬದ ದಿನ ಎರಡು ಸಲ ಹೇಳಿದರು.

"ಆಗಾಕಿಲ್ಲ ಬುಡ್ಲಾ! ಆಚಾರಿ ಮನೆ ಐಕ್ಳೆಲ್ಲ ಡಿಗ್ರಿ ಮಾಡುದ್ರೆ ಮರ ಕೊಯ್ಯೋರು ಯಾರು?"

ಬೆಳಿಗ್ಗೆ ಎದ್ದ ಕೂಡಲೇ ಬೇರೆಯವರ ಮನೆಯಲ್ಲಿ ಸುಪ್ರಭಾತ ಹಾಕುತ್ತಾರೆ. ನಮ್ಮ ಮನೆಯಲ್ಲಿ ಇದು! ಈಗ ಬಿ.ಎಸ್ಸಿ. ಸರ್ಟಿಫಿಕೇಟು ಕೈಗೆ ಬಂದಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಮಾವ ಓದಿದರೆ ಓದಲಿ.

ಮಾವ ನಮ್ಮ ತಾಲ್ಲೂಕಿನ ಹುಡುಗರ ಶಾಲೆಯೊಂದರ ಬಡಗಿ. ಕ್ಯಾಥೊಲಿಕ್ ಫಾದರುಗಳು ನಡೆಸುವ ಶಾಲೆ. ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ, ಆದರೆ ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ ಯಾವ ಕಂಡಕ್ಟರನ್ನು ಕೇಳಿದರೂ ಅದು 'ಪಾದ್ರಿ ಸ್ಕೂಲ್ ಸ್ಟಾಪು'. ಶಾಲೆಯ ಹಿಂದೆ ಹುಣಸೆಮರದ ಪಕ್ಕ ಮಾವನ ಶೆಡ್ಡು. ಅವರಿಗೂ ಮುಂಚೆ ಅವರಪ್ಪನ ಶೆಡ್ಡು. ಈ ಶಾಲೆಗೆ ಎಷ್ಟೋ ಮಂದಿ ಹೆಡ್‌ಮಾಸ್ಟರು ಬಂದು ಹೋಗಿದ್ದಾರೆ, ಆಚಾರಿಗಳು ಮಾತ್ರ ಇಬ್ಬರೇ. ಹಾಗಾದರೆ ಶಾಲೆ ಯಾರದ್ದು, ನೀವೇ ಹೇಳಿ?

ಮಾವನ ಪ್ರಕಾರ ಅವರದ್ದು.

ಶಾಲೆಯ ಚರಿತ್ರೆಯನ್ನು ಅವರು ಇಸವಿಯಲ್ಲಿ ಹೇಳುವವರಲ್ಲ, ಮರದಲ್ಲಿ ಹೇಳುವವರು. ಮೊದಲು ನೆಲದ ಕಾಲ: ಹೆಂಚಿನ ಶೆಡ್ಡು, ಚಾಪೆ, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಹುಡುಗರನ್ನು ಎತ್ತಿಕೊಂಡು ಬರುತ್ತಿದ್ದ ಒಬ್ಬ ಫಾದರು. ಆಮೇಲೆ ಹಲಸಿನ ಕಾಲ, ಅದು ಅವರಪ್ಪನದು. ಆಮೇಲೆ ಹೊನ್ನೆಯ ಕಾಲ, ಅದು ಮಾವನ ಯೌವನ, ಆದ್ದರಿಂದ ಸುವರ್ಣಯುಗ. ಅನಂತರ ನೀಲಗಿರಿಯ ಕಾಲ. ಕೊನೆಗೆ ಪ್ಲೈವುಡ್ಡಿನ ಕಾಲ. ಲೋಕ ಕೆಟ್ಟದ್ದೂ ಹುಡುಗರು ಮೇಷ್ಟ್ರಿಗೆ ಎದುರು ಮಾತಾಡಲು ಶುರು ಮಾಡಿದ್ದೂ ಆಗಲೇ.

ಶಾಲೆಯ ವಾರ್ಷಿಕ ಸಂಚಿಕೆಗೆ ಚರಿತ್ರೆ ಬರೆಯಲು ಹೊಸ ಮೇಷ್ಟ್ರೊಬ್ಬರು ಪೆನ್ನು, ನೋಟ್‌ಬುಕ್ಕು ಹಿಡಿದು ಮಾವನ ಹತ್ತಿರ ಬಂದಿದ್ದರು.

"ಆಚಾರ್ರೇ, ಮೂರನೇ ಹೆಡ್‌ಮಾಸ್ಟರ್ ಫಾದರ್ ಹೇಗಿದ್ದರು?"

"ಮೂರನೇದು ಅಂದ್ರೆ... ಕುರ್ಚಿ ಮುರ್ದೋರಾ?"

"ಗೊತ್ತಿಲ್ಲ. ಬಹಳ ದೊಡ್ಡ ವ್ಯಕ್ತಿ ಅಂತಾರೆ."

"ಅಂಗಾದ್ರೆ ಅವ್ರೇಯ. ಎರಡು ಕುರ್ಚಿ!"

ಸಂಚಿಕೆಯಲ್ಲಿ 'ಮೂರನೆಯ ಮುಖ್ಯೋಪಾಧ್ಯಾಯರದು ತೂಕದ ವ್ಯಕ್ತಿತ್ವ' ಎಂದು ಅಚ್ಚಾಯಿತು. ಅದರ ಮೂಲ ಆಕರ ಯಾವುದೆಂದು ಗೊತ್ತಿರುವವನು ನಾನೊಬ್ಬನೇ!

ಇನ್ನು ಜೋಜಪ್ಪನ ವಿಷಯ. ಶಾಲೆಯ ಪ್ರಾರ್ಥನಾಲಯದಲ್ಲಿ ಸಂತ ಜೋಸೆಫರ ಪ್ರತಿಮೆಯಿದೆ, ಮಾವನ ಬಾಯಲ್ಲಿ ಜೋಜಪ್ಪ. ಯೇಸುವನ್ನು ಸಾಕಿದ ತಂದೆ, ಕಸುಬಿನಲ್ಲಿ ಬಡಗಿ. ಮಾವನಿಗೆ ಅಷ್ಟು ಸಾಕಾಯಿತು! ಹಣೆಗೆ ವಿಭೂತಿ, ಮೈಮೇಲೆ ಜನಿವಾರ ಇರುವ ಮಾವ ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಲ್ಲುತ್ತಿದ್ದರು. ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಉಳಿ, ಬಾಚಿ, ಗರಗಸಗಳನ್ನು ಸಾಲಾಗಿಟ್ಟು, ಗೋಡೆಯಲ್ಲಿ ಕಾಳಿಕಾಂಬೆಯ ಪಕ್ಕದಲ್ಲೇ ಜೋಜಪ್ಪನ ಕ್ಯಾಲೆಂಡರಿಗೂ ಕುಂಕುಮ. "ನಮ್ಮೋರೇ ಕಣ್ಲಾ, ಆಚಾರ್ರು. ದೂರದೂರಿಗೆ ಓಗಿ ದೊಡ್ಡೋರಾದ್ರು, ಅಷ್ಟೇಯ."

ಆದರೆ ಒಂದು ಕೊರಗಿತ್ತು. ಪ್ರತಿಮೆಯ ಕೈಯಲ್ಲಿ ಮೂಲೆಮಟ್ಟ ಇದೆ, ಎರಡು ಪಟ್ಟಿ ನೇರವಾಗಿ ಕೂಡಿದೆಯೇ ಎಂದು ಬಡಗಿಗಳು ನೋಡುವ ಸಾಧನ. ಅದನ್ನು ಮಾಡಿದ ಶಿಲ್ಪಿ ಕೋನ ತಪ್ಪಿಸಿದ್ದ! ತೊಂಬತ್ತು ಡಿಗ್ರಿ ಇರಬೇಕಾದ್ದು ಸ್ವಲ್ಪ ಅಗಲವಾಗಿತ್ತು. ಹೊಸ ಫಾದರು ವರ್ಗವಾಗಿ ಬಂದಾಗಲೆಲ್ಲ ಮಾವ ಹೋಗಿ ಕೈಮುಗಿದು ಇದೊಂದೇ ಅರ್ಜಿ ಹಾಕುತ್ತಿದ್ದರು. ಎಲ್ಲರೂ ನಕ್ಕು ಕಳಿಸುತ್ತಿದ್ದರು. ನನ್ನ ಕಾಲದ ಫಾದರು ಮಾತ್ರ, "ಪ್ರತಿಮೆ ಮುಟ್ಟಬಾರದು ಆಚಾರ್ರೇ, ಭಕ್ತಿಯ ವಿಷಯ" ಎಂದು ಗಂಭೀರವಾಗಿ ಉತ್ತರಿಸಿದರು.

"ಭಕ್ತಿ ವಿಸ್ಯದಲ್ಲಿ ನಾನು ಬಾಯಿ ಆಕಾಕಿಲ್ಲ ಸ್ವಾಮಿ. ಇದು ಕಸುಬಿನ ವಿಸ್ಯ. ನಾಳೆ ಯಾವನಾದ್ರೂ ಗೇಯೋನು ಬಂದು ನೋಡುದ್ರೆ ಆ ಮಹಾತ್ಮನ ಮರ್ವಾದೆ ಏನಾದದು?"

ಫಾದರು ಒಂದು ವಾರ ಯೋಚಿಸಿ ಒಪ್ಪಿದರು. ಮಾವ ಹೊನ್ನೆಯಲ್ಲಿ ಗೇಣುದ್ದದ ಹೊಸ ಮೂಲೆಮಟ್ಟ ಮಾಡಿ ಪ್ರತಿಮೆಯ ಕೈಯಲ್ಲಿ ಕೂರಿಸಿದರು. ಅಂದಿನಿಂದ ನಮ್ಮ ಜೋಜಪ್ಪನ ಕೋನ ಖಚಿತ!

ಇಂಥ ಮಾವನ ಮನೆಗೆ ನಾನು ಬಂದದ್ದು ಐದನೇ ಕ್ಲಾಸು ಮುಗಿದ ಮೇಲೆ. ಅಪ್ಪ ಮಾಕವಳ್ಳಿ ಕಡೆ ಹಳ್ಳಿಯೊಂದರಲ್ಲಿ ಕುಲುಮೆ ಇಟ್ಟವರು, ಕಬ್ಬಿನ ಗಾಡಿಗಳ ಚಕ್ರಕ್ಕೆ ಪಟ್ಟಾ ಹಾಕುವವರು. ಅಮ್ಮನಿಗೆ ಮಾತ್ರ ನನ್ನನ್ನು ಪಾದ್ರಿ ಸ್ಕೂಲಿಗೆ ಸೇರಿಸುವ ಹಟ. ಅಣ್ಣನಿಗೆ ಹೇಳಿಕಳಿಸಿದರು. ಮಾವ ನನ್ನ ರಟ್ಟೆ ಹಿಡಿದು ಫಾದರ ಮುಂದೆ ನಿಲ್ಲಿಸಿದರು. ಶಿಫಾರಸು ಅಂದರೆ ಹಾಗಿರಬೇಕು!

"ಹುಡುಗ ಹೇಗೆ ಆಚಾರ್ರೇ?"

"ದಡ್ಡ ಸ್ವಾಮಿ."

"ಓದ್ತಾನಾ?"

"ಇವ್ನ ಕೈಲಿ ಆಗಾಕಿಲ್ಲ."

"ಮತ್ತೆ ಯಾಕೆ ಕರ್ಕೊಂಡು ಬಂದ್ರಿ?"

"ನಮ್ ತಂಗಿ ಅಳ್ತಾಳೆ. ಒಂದೊರ್ಸ ಇಟ್ಕಳಿ, ಫೇಲಾಯ್ತನೆ. ಆಮೇಲೆ ಶೆಡ್ಡಿಗೆ ಎಳ್ಕಂಡೋಯ್ತೀನಿ."

ಫಾದರು ನನ್ನನ್ನೇ ನೋಡಿ, "ಫೇಲ್ ಆಗ್ತೀಯೇನಪ್ಪ?" ಎಂದರು. ನಾನು "ಇಲ್ಲ" ಎಂದೆ. ಅದು ನನ್ನ ಪ್ರವೇಶ ಪರೀಕ್ಷೆ. ಒಂದೇ ಪ್ರಶ್ನೆ, ಒಂದೇ ಉತ್ತರ.

ಆ ಶಾಲೆಯ ಗುಣವೇ ಅಂಥದ್ದು. ಲಿಂಗಾಯಿತರ ಹುಡುಗ, ಸಾಬರ ಹುಡುಗ, ಗೌಡರ ಹುಡುಗ, ಬೆಳಗೊಳದ ಕಡೆಯಿಂದ ಬರುವ ನಾಲ್ಕೈದು ಕ್ರಿಸ್ತುವರ ಹುಡುಗರು, ಎಲ್ಲರೂ ಒಂದೇ ಪ್ರಾರ್ಥನೆ ಹಾಡಿ, ಒಂದೇ ಬೆತ್ತದ ಏಟು ತಿಂದು, ಒಂದೇ ನಲ್ಲಿಯಲ್ಲಿ ಬಾಯಿ ಇಟ್ಟು ನೀರು ಕುಡಿಯುವುದು. ಬೆಂಚಿನ ಮೇಲೆ ಹೆಸರು ಕೆತ್ತಿ ಸಿಕ್ಕಿಬಿದ್ದವನಿಗೆ ಮಾತ್ರ ಬೆತ್ತವಿಲ್ಲ. ಅವನು ಶನಿವಾರ ಮಧ್ಯಾಹ್ನ ಮಾವನ ಶೆಡ್ಡಿಗೆ ಹೋಗಿ ತನ್ನ ಹೆಸರನ್ನು ತಾನೇ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಅಳಿಸಬೇಕು. ಹೀಗಾಗಿ ಮಾವನಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಕೆತ್ತನೆಯಿಂದಲೇ ಪರಿಚಯ. ಒಮ್ಮೆ ಜೀಪಿನಲ್ಲಿ ಬಂದಿಳಿದ ದೊಡ್ಡ ಅಧಿಕಾರಿಯೊಬ್ಬರನ್ನು ಎಲ್ಲರ ಮುಂದೆ ತಡೆದು ಕೇಳಿದರು: "ಕಿಟಕಿ ಪಕ್ಕದ ಬೆಂಚಲ್ಲಿ ಬಾಣ ಚುಚ್ಚಿದ ಹೃದಯ ಕೆತ್ತಿದ್ದೋರು ತಾವೇ ಅಲ್ವುರಾ? ಆ ಉಡ್ಗಿನೇ ಮದ್ವೆ ಆದ್ರಾ?" ಪಕ್ಕದಲ್ಲಿ ಅವರ ಹೆಂಡತಿ ನಿಂತಿದ್ದರು. ಆ ಹುಡುಗಿ ಇವರಲ್ಲ ಎಂಬುದು ಇಬ್ಬರ ಮುಖದಲ್ಲೂ ಗೊತ್ತಾಯಿತು!

ಆರು, ಏಳು, ಎಂಟು, ಒಂಬತ್ತು. ನಾನು ಫೇಲಾಗಲಿಲ್ಲ. ಮಾವ ಪ್ರತಿ ಬೇಸಿಗೆಯಲ್ಲೂ ನನಗೆಂದು ಒಂದು ಉಳಿ ಸಾಣೆ ಹಿಡಿದು ಇಡುತ್ತಿದ್ದರು, ರಿಸಲ್ಟು ಬಂದ ದಿನ ಮುಖ ಸಣ್ಣ ಮಾಡಿ ಅಟ್ಟಕ್ಕೆ ಎಸೆಯುತ್ತಿದ್ದರು. ಭಾನುವಾರ ಮಾತ್ರ ಬಿಡುತ್ತಿರಲಿಲ್ಲ. ಹತ್ತರಿ ಹೊಡೆದು ಹಲಗೆ ನುಣುಪು ಮಾಡು, ಅಳತೆ ಹಿಡಿ, ಗೆರೆ ಎಳೆ. ಅವರ ಪಾಠದ ಮೊದಲ ಸೂತ್ರ: ಬೇಕಾದ ಅಳತೆಗೆ ಸರಿಯಾಗಿ ಮರ ಕೊಯ್ಯಬಾರದು. ಗರಗಸ ತಿನ್ನುತ್ತದೆ, ಹತ್ತರಿ ತಿನ್ನುತ್ತದೆ. ಸ್ವಲ್ಪ ಹೆಚ್ಚಿಗೆ ಬಿಡಬೇಕು.

ಈ ಸೂತ್ರವೇ ನನಗೆ ಮುಳುವಾಯಿತು.

ಹತ್ತನೇ ಕ್ಲಾಸು. ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯಲ್ಲಿ ಪ್ರಿಪರೇಟರಿ. ಗಣಿತದಲ್ಲಿ ಒಂದು ಪ್ರಶ್ನೆ: ನಾಲ್ಕು ಮೀಟರು ಎತ್ತರದ ಗೋಡೆ, ಬುಡದಿಂದ ಮೂರು ಮೀಟರು ದೂರದಲ್ಲಿ ಏಣಿಯ ಕಾಲು, ಗೋಡೆಯ ತುದಿ ಮುಟ್ಟುವ ಏಣಿಯ ಉದ್ದ ಎಷ್ಟು? ಐದು ಮೀಟರು ಎಂದು ಯಾರಿಗೆ ಗೊತ್ತಿಲ್ಲ! ನಾನು ಐದು ಬಂತೆಂದು ತೋರಿಸಿ, ಕೆಳಗೆ ಬರೆದೆ: 'ಮೇಲೆ ಎರಡು ಅಡಿ ಹೆಚ್ಚಿಗೆ ಬಿಡಬೇಕು. ಆದ್ದರಿಂದ ಏಣಿಯ ಉದ್ದ ಐದು ಮೀಟರು ಎರಡು ಅಡಿ.' ಅದೇ ಉತ್ಸಾಹದಲ್ಲಿ ಉಳಿದ ರೇಖಾಗಣಿತದ ಲೆಕ್ಕಗಳಲ್ಲೂ ಎಲ್ಲ ಬಾಹುಗಳಿಗೂ ಕೊಯ್ತಕ್ಕೆಂದು ಚೂರು ಚೂರು ಬಿಟ್ಟಿದ್ದೆ. ಧಾರಾಳವಾಗಿ!

ಫೇಲಾದೆ. ಗಣಿತದ ಮೇಷ್ಟ್ರು ಉತ್ತರಪತ್ರಿಕೆ ಎತ್ತಿ ತೋರಿಸಿ, "ಇವನು ಈ ವರ್ಷ ಪರೀಕ್ಷೆಗೆ ಕೂರೋದು ಬೇಡ ಫಾದರ್. ಇವನಿಗೆ ಮುಂದಿನ ಓದೆಲ್ಲ ಆಗದ ಮಾತು" ಎಂದರು. ಮನೆಯವರನ್ನು ಕರೆಸಿದರು. ಮನೆಯವರು ಅಂದರೆ ಯಾರು? ಹಿಂದಿನ ಶೆಡ್ಡಿನಿಂದ ಮೈತುಂಬ ಹೊಟ್ಟು ಮೆತ್ತಿಕೊಂಡು ಮಾವ ಬಂದರು. ಐದು ವರ್ಷದಿಂದ ಕಾದಿದ್ದ ದಿನ! ನಾನು ನೆಲ ನೋಡುತ್ತಾ ನಿಂತಿದ್ದೆ. ನಾಳೆಯಿಂದ ಶೆಡ್ಡು, ಅಷ್ಟೇ.

ಮಾವ ಉತ್ತರಪತ್ರಿಕೆಯನ್ನು ದೂರಕ್ಕೆ ಹಿಡಿದು, ಅಕ್ಷರ ಕೂಡಿಸಿಕೊಂಡು, ತುಟಿ ಆಡಿಸುತ್ತಾ ಓದಿದರು. ಮುಖ ಕೆಂಪಾಯಿತು.

"ಇದ್ರಲ್ಲಿ ತಪ್ಪೇನೈತೆ ಸ್ವಾಮಿ?"

"ಏಣಿ ಉದ್ದ ಐದು ಮೀಟರು, ಆಚಾರ್ರೇ. ಅಷ್ಟೇ" ಎಂದರು ಮೇಷ್ಟ್ರು.

"ಏಣಿ ಗೋಡೆ ತುದಿಗೆ ಸರ್ಯಾಗಿ ನಿಂತ್ಬುಟ್ರೆ, ಅತ್ತಿದೋನು ಏನ್ ಇಡ್ಕಂಡು ಆಚೆ ಕಾಲು ಆಕಾನು?"

"ಇದು ಲೆಕ್ಕ ಕಣ್ರೀ, ಏಣಿ ಅಲ್ಲ!"

"ಏಣಿ ಅಂತ ಬರ್ದಿದ್ದೀರಲ್ಲಾ! ತಾವು ಯಾವತ್ತಾದ್ರೂ ಏಣಿ ಅತ್ತಿದ್ದೀರಾ ಮೇಷ್ಟ್ರೇ? ಐದು ಮೀಟ್ರಿಂದು ಮಾಡ್ಕೊಡ್ತೀನಿ, ಅತ್ತಿ ತೋರ್ಸಿ. ಇವ್ನು ಫೇಲಾಗೋನೇಯ, ಅದ್ರಲ್ಲಿ ಅನ್ಮಾನ ಇಲ್ಲ. ಆದ್ರೆ ಇದ್ರಲ್ಲಲ್ಲ!"

ಫಾದರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ. ನಗು ನಿಂತ ಮೇಲೆ, "ಹುಡುಗ ಪರೀಕ್ಷೆ ಬರೀಲಿ. ಆಚಾರ್ರೇ, ಬೋರ್ಡಿನವರು ಏಣಿ ಹತ್ತೋರಲ್ಲ, ಇವನಿಗೆ ಐದಕ್ಕೇ ನಿಲ್ಲಿಸೋಕೆ ಕಲಿಸಿ" ಎಂದರು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ! ಸ್ಕೂಲು ಬಿಟ್ಟ ಮೇಲೆ ಮಾವ ಶೆಡ್ಡಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆಸಿ, ನಾನು ಚೂರು ಹೆಚ್ಚಿಗೆ ಬಿಟ್ಟರೆ ತಲೆಗೆ ಮೊಟಕುತ್ತಿದ್ದರು. ಸುಳ್ಳು ಹೇಳಿಕೊಡುವವರ ಹಾಗೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು. "ಪೇಪರ್ ಮ್ಯಾಲೆ ಮಾತ್ರ ಇಂಗೆ ಕಣ್ಲಾ. ಮರದ್ ಮ್ಯಾಲೆ ಮಾಡುದ್ರೆ ಕೈ ಮುರೀತೀನಿ. ಮಾಡು, ಮಾಡು. ಎಂಗೂ ಪಾಸಾಗಾಕಿಲ್ಲ."

ಪಾಸಾದೆ. ಪಿ.ಯು. ಆಯಿತು. ಹಟಕ್ಕೆ ಬಿದ್ದು ಬಿ.ಎಸ್ಸಿ.ಯಲ್ಲಿ ಗಣಿತವನ್ನೇ ತೆಗೆದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಕೆಲವರು, "ಆಚಾರಿ ಹುಡುಗನಿಗೆ ಯಾಕಪ್ಪ ಇದೆಲ್ಲ?" ಎಂದರು. ಯಾಕೆ ಬೇಡ? ನೀವು ಕೂತು ಓದಿದ ಬೆಂಚು ನಮ್ಮಜ್ಜ ಮಾಡಿದ್ದು. ಅದರ ಮೇಲೆ ಮೊಮ್ಮಗ ಕೂತರೆ ಯಾರ ಗಂಟು ಹೋಯಿತು? ಒಂದು ಪೇಪರು ಉಳಿದು, ಒಂದು ವರ್ಷ ಹೆಚ್ಚಿಗೆ ಹಿಡಿಯಿತು. ಆ ವರ್ಷ ವಾರಕ್ಕೆ ಆರು ದಿನ ಬಾಗಿಲು ಚೌಕಟ್ಟು ಮಾಡಿದೆ, ಕಿಸೆಯಲ್ಲಿ ಸೂತ್ರಗಳ ಚೀಟಿ ಇಟ್ಟುಕೊಂಡು. ಮಾವ ದಿನಾ ಹೇಳಿದ್ದನ್ನು ದಿನಾ ಕೇಳಿಸಿಕೊಂಡೆ, ದಿನಾ ಮನಸ್ಸಿನಲ್ಲೇ "ಆಗುತ್ತೆ" ಎಂದೆ. ನಮ್ಮ ಮನೆಯಲ್ಲಿ ಹಿಂದೆ ಯಾರೂ ಡಿಗ್ರಿ ಮಾಡಿಲ್ಲ ಎಂಬುದನ್ನು ನಾನು ತಲೆ ತಗ್ಗಿಸಿ ಹೇಳುವವನಲ್ಲ. ಎತ್ತಿಕೊಂಡೇ ಹೇಳುವವನು.

ಪಾದ್ರಿ ಸ್ಕೂಲಿನಲ್ಲಿ ಒಂದು ಪದ್ಧತಿಯಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ತಮ್ಮ ಮನೆಗೆ ಮೊದಲ ಡಿಗ್ರಿ ತರುತ್ತಾರೋ ಅವರು ಸರ್ಟಿಫಿಕೇಟನ್ನು ಸೋಮವಾರದ ಪ್ರಾರ್ಥನೆಗೆ ತರಬೇಕು. ಮನೆಯ ಹಿರಿಯರೊಬ್ಬರು ಅದನ್ನು ಹುಡುಗರೆಲ್ಲರ ಎದುರು ಅವರ ಕೈಗೆ ಕೊಡಬೇಕು. ಹೋದ ಸೋಮವಾರ ನನ್ನ ಸರದಿ. ಅಪ್ಪ ಅಮ್ಮ ಮೊದಲ ಬಸ್ಸಿಗೇ ಬಂದಿದ್ದರು. ಫಾದರು ಹಿರಿಯರನ್ನು ಕರೆದಾಗ ಅಪ್ಪ ಮುಂದೆ ಹೋಗಲಿಲ್ಲ. "ನೀನೇ ಓಗು ಬಾವ" ಎಂದು ಮಾವನನ್ನು ಬೆನ್ನು ಹಿಡಿದು ತಳ್ಳಿದರು.

ಮಾವ ಮೆಟ್ಟಿಲ ಕೆಳಗೇ ನಿಂತು ಎರಡೂ ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. ಹತ್ತಿ ಬಂದು, ಪಾಲಿಶ್ ಆರದ ಹಲಗೆ ಹಿಡಿಯುವ ಹಾಗೆ, ಬೆರಳ ತುದಿಯಲ್ಲಿ ಅಂಚು ಮಾತ್ರ ಹಿಡಿದು ಸರ್ಟಿಫಿಕೇಟು ಎತ್ತಿಕೊಂಡರು. ತುಟಿ ಆಡಿಸುತ್ತಾ ನನ್ನ ಹೆಸರನ್ನು ಪೂರ್ತಿ ಓದಿದರು. ಫಾದರು ಎರಡು ಮಾತಾಡಿ ಎಂದು ಮೈಕು ಮುಂದೆ ಮಾಡಿದರು. ನಾನು ಹಲ್ಲು ಕಚ್ಚಿ ತಯಾರಾದೆ; ಇವತ್ತೂ ಏನಾದರೂ ಅಂದೇ ಅನ್ನುತ್ತಾರೆ!

ಮಾವ ಮೈಕನ್ನು ಪಕ್ಕಕ್ಕೆ ಸರಿಸಿದರು. ಸರ್ಟಿಫಿಕೇಟನ್ನು ನನ್ನ ಕೈಗಿಟ್ಟು, ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

"ನಮ್ಮಪ್ಪನೂ ನಂಗೆ ಇಂಗೇ ಅಂದಿದ್ದ ಕಣ್ಲಾ, ಆಗಾಕಿಲ್ಲ ಬುಡು ಅಂತ. ನಾನು ನಂಬ್ಬುಟ್ಟೆ. ನೀ ನಂಬ್ನಿಲ್ಲ."